ಆಶ್ರಯಕ್ಕೆ ಅರ್ಹರಾರು?

ಮಾರಿಕಣಿವೆಯ ನೀರನ್ನು ನಂಬಿ ಬದುಕುವ ನಮಗೆ ಮನೆಯೆಂಬುದರ ಬೆಲೆಯನ್ನು ಪರಸ್ಥಳದಿಂದ ಬಂದು ಯಾರೂ ತಿಳಿಸಬೇಕಾದುದಿಲ್ಲ. 1898ರಲ್ಲಿ ಮೊದಲಾಗಿ 1907ರಲ್ಲಿ ಪೂರೈಸಿದ ಈ ಕಟ್ಟೆಯು ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ನಿಲ್ಲಿಸಿತು. ಮೈಸೂರಿನ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣೀವಿಲಾಸಸಾಗರವೆನಿಸಿದರೂ ಜನರ ಬಾಯಲ್ಲಿ ಮಾರಿಕಣಿವೆಯಾಗಿಯೇ ಉಳಿದಿದೆ. 130 ಅಡಿ ನೀರು ನಿಂತಾಗ ಅದರ ಮಡಿಲಲ್ಲಿ ಸುಮಾರು 30 ಟಿ.ಎಂ.ಸಿ. ನೀರು. ಹಿರಿಯೂರು ಸೀಮೆಯ ತೆಂಗು ಅಡಿಕೆಗಳಿಗೂ, ದುರ್ಗದ ಜನರ ಕುಡಿಯುವ ಕೊಡಕ್ಕೂ ಅದೇ ಆಧಾರ. ಆದರೆ ನೀರು ನಿಲ್ಲಬೇಕಾದರೆ ನೆಲ ಬೇಕಷ್ಟೆ. ಆ ನೆಲದಲ್ಲಿ ಹೊಲಗಳಿದ್ದುವು, ಹಳ್ಳಿಗಳಿದ್ದುವು, ಒಲೆ ಹೊತ್ತಿಸಿದ ಮನೆಗಳಿದ್ದುವು. ಇಂದು ನಾವು ಉಣ್ಣುವ ತುತ್ತಿನಲ್ಲಿ ಅಂದು ಆರಿದ ಆ ಒಲೆಗಳ ಋಣವಿದೆ.

1933ರಲ್ಲಿ ಒಮ್ಮೆ ಕೋಡಿ ಬಿದ್ದ ಈ ಜಲಾಶಯವು ಮರಳಿ ಕೋಡಿ ಬಿದ್ದುದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಬಳಿಕ. ಅದನ್ನು ಕಣ್ಣಾರೆ ಕಾಣಲೆಂದು ಜನ ಹಿಂಡುಹಿಂಡಾಗಿ ಬಂದರು, ಬಾಗಿನವನ್ನರ್ಪಿಸಿದರು, ಮುದುಕರು ಕಣ್ಣೀರು ತಂದುಕೊಂಡರು. ಅದೇ ದಿನಗಳಲ್ಲಿ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹೊಲತೋಟಗಳಿಗೆ ನುಗ್ಗಿತು. ಕೆಳಗೆ ಹಿರಿಯೂರಿನಲ್ಲಿ ನದಿಯಂಚಿನ ತಗ್ಗಿನ ಮನೆಗಳಿಗೂ ನೀರು ಹೊಕ್ಕಿತು. 2025ರ ಜನವರಿಯಲ್ಲಿ ಕಟ್ಟೆಯು ಮೂರನೆಯ ಬಾರಿ ತುಂಬಿ ಹರಿಯಿತು. ಒಂದೇ ನೀರು ಒಬ್ಬನಿಗೆ ಗಂಗೆಯಾಯಿತು, ಮತ್ತೊಬ್ಬನ ಗೋಡೆಯನ್ನು ನೆನೆಸಿ ಕೆಡಹಿತು. ನೀರಿಗೆ ಪಕ್ಷಪಾತವಿಲ್ಲ. ಆದರೆ ಗೋಡೆ ಬಿದ್ದವನು ನಮ್ಮ ಬಾಗಿಲಿಗೆ ಬಂದಾಗ ‘ನೀನು ಯಾರು, ಯಾವ ಊರು, ನಿನಗೇಕೆ ಕೊಡಬೇಕು?’ ಎಂದು ಕೇಳುವ ನಮಗೆ ಅದು ಇದೆಯೋ ಇಲ್ಲವೋ ಎಂಬುದೇ ಈ ಹೊತ್ತಿನ ವಿಚಾರ.

ಈ ವಿಚಾರವನ್ನು ಬರೆಯಲು ನನಗೆ ಅಧಿಕಾರ ಬಂದುದು ಪಾಂಡಿತ್ಯದಿಂದಲ್ಲ, ಒಂದು ತಪ್ಪಿನಿಂದ. ಅದನ್ನು ಮೊದಲು ನಿವೇದಿಸಿಕೊಂಡು ಮುಂದುವರಿಯುತ್ತೇನೆ.

ಹತ್ತು ಹನ್ನೆರಡು ವರ್ಷಗಳ ಹಿಂದೆ ನಮ್ಮ ಭಾಗದಲ್ಲಿ ಬಿಡದೆ ಮಳೆ ಹಿಡಿದು ಹಲವು ಮಣ್ಣಿನ ಮನೆಗಳು ಕುಸಿದುವು. ಊರ ಹಿರಿಯರು ದೇವಸ್ಥಾನದ ಹಣದಲ್ಲಿ ಒಂದು ಪಾಲನ್ನು ತೆಗೆದು, ಬಿದ್ದ ಮನೆಯವರಿಗೆ ಹಂಚಬೇಕೆಂದು ನಿಶ್ಚಯಿಸಿದರು. ಪಟ್ಟಿಯನ್ನು ಬರೆಯುವ ಕೆಲಸ, ಅಕ್ಷರ ದುಂಡಗಿದೆಯೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂದಿತು. ಆಗ ನಮ್ಮ ಶಾಲೆಯ ಜಗಲಿಯಲ್ಲಿ ಒಬ್ಬ ಹೆಣ್ಣುಮಗಳು ತನ್ನ ಎರಡು ಮಕ್ಕಳೊಡನೆ ಮಲಗುತ್ತಿದ್ದಳು. ಗಂಡನಿರಲಿಲ್ಲ. ಅಣ್ಣನ ಮನೆಯ ಹಿತ್ತಿಲ ಸೋಗೆಯಲ್ಲಿ ಮೂರು ವರ್ಷ ಇದ್ದಳು. ಆ ಸೋಗೆ ಮಳೆಗೆ ಬಿದ್ದಿತು. ಅಣ್ಣನ ಮನೆಯಲ್ಲಿ ಇನ್ನು ಎಡೆಯಿಲ್ಲವೆಂದಾಯಿತು. ಅವಳ ಹೆಸರು ಬಂದಾಗ ಯಾರೋ ‘ಅವಳು ನಮ್ಮೂರಿನವಳಲ್ಲ, ಅವಳ ಹೆಸರಲ್ಲಿ ಮನೆಯೂ ಇರಲಿಲ್ಲ, ಇಲ್ಲದ ಮನೆ ಬಿದ್ದೀತು ಹೇಗೆ?’ ಎಂದರು. ಸಭೆ ನಕ್ಕಿತು. ನಾನು ಅವಳ ಹೆಸರಿನ ಮುಂದೆ ‘ಊರಿನವರಲ್ಲ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದೆನು. ಅಂದು ಸಂಜೆ ನಾನು ಮಠದಲ್ಲಿ ಅಣ್ಣನವರ ವಚನವೊಂದಕ್ಕೆ ವ್ಯಾಖ್ಯಾನ ಮಾಡಬೇಕಾಗಿದ್ದಿತು, ಮಾಡಿದೆನು.

ಪಟ್ಟಿಯನ್ನು ಓದಿ ಹೇಳಿದ ದಿನ ಮೂಲೆಯಲ್ಲಿ ಕುಳಿತಿದ್ದ ಮುದುಕರೊಬ್ಬರು ಎದ್ದು, “ಮೇಷ್ಟ್ರೇ, ಊರಿನವರಲ್ಲ ಅಂತ ಬರೆದೀರಲ್ಲ, ನಮ್ಮ ತಾತ ಯಾವೂರಿನೋನು? ಕಣಿವೆ ಕಟ್ಟಿದಾಗ ಊರು ನೀರಾಗೆ ಹೋತು ಅಂತ ಒಂದು ಎಮ್ಮೆ ಹೊಡಕೊಂಡು ಈ ಊರಿಗೆ ಬಂದೋನು. ಆವತ್ತು ಪಟ್ಟಿ ಬರೆಯೋ ಮೇಷ್ಟ್ರು ಇರಲಿಲ್ಲ ಕಾಣಪ್ಪ, ಅದಕ್ಕೇ ನಾವು ಇಲ್ಲಿದ್ದೀವಿ” ಎಂದರು. ಯಾರೂ ನಗಲಿಲ್ಲ. ಪಟ್ಟಿಯನ್ನು ತಿದ್ದೋಣವೆಂದು ಒಪ್ಪಿದ್ದಾಯಿತು. ಆದರೆ ಆ ಹೊತ್ತಿಗೆ ಆ ತಾಯಿ ಮಕ್ಕಳನ್ನು ಕರೆದುಕೊಂಡು ಕಾಫಿಯ ಸೀಮೆಗೆ ಗುಳೆ ಹೋಗಿದ್ದಳು. ಅವಳಿಗೆ ಎತ್ತಿಟ್ಟ ಹಣವು ಕೆಲಕಾಲ ಹಾಗೆಯೇ ಇದ್ದು, ಕೊನೆಗೆ ದೇವಸ್ಥಾನದ ಸುಣ್ಣಬಣ್ಣಕ್ಕೆ ಸೇರಿತು.

ಬಂಧುಗಳೇ, ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ದಾನಕ್ಕೆ ಪಾತ್ರಾಪಾತ್ರ ವಿವೇಕ ಬೇಕೆಂದು ಧರ್ಮಶಾಸ್ತ್ರಗಳು ಹೇಳುತ್ತವೆ. ಹಣ ಸ್ವಲ್ಪ, ಬೇಡುವವರು ಹಲವರು; ಹಾಗಿರುವಾಗ ಯಾರಿಗೆ ಕೊಡಬೇಕೆಂಬ ವಿಚಾರಣೆ ಬೇಡವೆ? ಬೇಕು. ಆದರೆ ಶರಣರು ಹೇಳಿದುದು ದಾನವನ್ನಲ್ಲ, ದಾಸೋಹವನ್ನು. ದಾನದಲ್ಲಿ ಕೊಡುವವನು ಮೇಲೆ ನಿಂತು ಕೈಚಾಚಿದವನನ್ನು ಅಳೆಯುತ್ತಾನೆ. ದಾಸೋಹದಲ್ಲಿ ನೀಡುವವನು ತಾನೇ ದಾಸನು. ಅವನು ಮೊದಲು ಅಳೆಯಬೇಕಾದುದು ತನ್ನನ್ನು. ‘ಈತನು ಪಡೆಯಲು ಯೋಗ್ಯನೇ?’ ಎಂಬುದು ದಾನಿಯ ಪ್ರಶ್ನೆ. ‘ನೀಡುವುದಕ್ಕೆ ನಾನು ಯೋಗ್ಯನಾಗಿದ್ದೇನೆಯೇ?’ ಎಂಬುದು ದಾಸೋಹಿಯ ಪ್ರಶ್ನೆ.

ಬಂದವನು ಯಾರ ಕಡೆಯವನೆಂದು ವಿಚಾರಿಸುವುದರ ಕುರಿತು ಅಣ್ಣನವರು ನುಡಿದ ವಚನವು ಮಕ್ಕಳ ಬಾಯಲ್ಲೂ ಇದೆ. ಆದರೆ ಅದು ಯಾರಿಗೆ ನುಡಿದ ಮಾತೆಂಬುದನ್ನು ನಾವು ಗಮನಿಸಿದ್ದೇವೆಯೆ? ಅದು ಬಂದವನಿಗೆ ಕೊಟ್ಟ ಪ್ರಮಾಣಪತ್ರವಲ್ಲ. ಕೂಡಲಸಂಗಮದೇವನಲ್ಲಿ ತಮಗಾಗಿ ತಾವೇ ಮಾಡಿಕೊಂಡ ಪ್ರಾರ್ಥನೆ. ಬಂದವನನ್ನು ಹೊರಗಿನವನೆಂದು ಎಣಿಸುವ ಬುದ್ಧಿ ತಮ್ಮಲ್ಲಿ ಹುಟ್ಟದಿರಲಿ ಎಂದು ಅವರು ಬೇಡಿದರು. ಬಿಜ್ಜಳನ ಭಂಡಾರವನ್ನು ನೋಡಿಕೊಂಡು, ದಿನವೂ ಅಳೆದು ತೂಗಿ ಲೆಕ್ಕವಿಡುತ್ತಿದ್ದ ಮಹಾಪುರುಷರಿಗೂ ಆ ಬುದ್ಧಿಯ ಭಯವಿದ್ದಿತೆಂದರೆ, ನಮ್ಮಂಥವರ ಪಾಡೇನು! ಪಟ್ಟಿ ಬರೆಯುವವನ ಮನಸ್ಸೇ ಮೊದಲ ಪರೀಕ್ಷೆಗೆ ಒಳಗಾಗಬೇಕೆಂಬುದು ಆ ವಚನದ ತಾತ್ಪರ್ಯ.

ಇನ್ನು, ಮನೆಯಿಲ್ಲದವರು ಯಾರು ಎಂಬುದನ್ನು ನೋಡೋಣ. ನಮ್ಮ ಪರಂಪರೆಯಲ್ಲಿ ಮನೆಯಿಲ್ಲದಿರುವುದು ಹೀನವಲ್ಲ. ಜಂಗಮವೆಂದರೆ ಚಲಿಸುವುದು, ಒಂದೆಡೆ ನೆಲೆನಿಲ್ಲದೆ ಸಂಚರಿಸುವವನನ್ನು ಕರೆದು ಪಾದಪೂಜೆ ಮಾಡುವ ಧರ್ಮ ನಮ್ಮದು. ಉಡುತಡಿಯನ್ನು ಬಿಟ್ಟು ಕಲ್ಯಾಣಕ್ಕೂ, ಅಲ್ಲಿಂದ ಶ್ರೀಶೈಲದ ಕದಳಿಗೂ ನಡೆದ ಮಹಾದೇವಿಯಕ್ಕನಿಗೆ ಮನೆಯಿದ್ದಿತೆ? ಹಸಿವೆಗೂ ನೀರಡಿಕೆಗೂ ನಿದ್ರೆಗೂ ಊರೂರಿನಲ್ಲಿ ತಾನಾಗಿ ದೊರೆಯುವುದೇ ಸಾಕೆಂದು ಆ ತಾಯಿ ಹಾಡಿದ್ದಾರೆ. ಅದರ ವೈರಾಗ್ಯವನ್ನು ನಾವು ಕೊಂಡಾಡುತ್ತೇವೆ. ಇನ್ನೊಂದು ಸಂಗತಿಯನ್ನು ಮರೆಯುತ್ತೇವೆ. ಅಕ್ಕನು ನಡೆದ ದಾರಿಯ ಊರುಗಳಲ್ಲಿ ಭಿಕ್ಷೆಗೆ ಬಾಗಿಲು ತೆರೆದಿದ್ದಿತು, ಬಾವಿಗೆ ಕಾವಲಿರಲಿಲ್ಲ, ಹಾಳು ಗುಡಿಗೆ ಬೀಗವಿರಲಿಲ್ಲ. ಇಂದು ನಮ್ಮ ಊರುಗಳಲ್ಲಿ ಗುಡಿಯ ಮಂಟಪಕ್ಕೆ ಕಬ್ಬಿಣದ ಜಾಲರಿ, ಶಾಲೆಯ ಜಗಲಿಗೆ ಗೇಟು, ಸಮುದಾಯಭವನಕ್ಕೆ ಬಾಡಿಗೆ. ಇಂದು ಅಕ್ಕನು ಬಂದರೆ ಮಲಗುವುದೆಲ್ಲಿ?

ಆದರೆ ಒಂದು ಭೇದವನ್ನು ತಿಳಿಯಬೇಕು. ಅಷ್ಟಾವರಣದ ಜಂಗಮನು ಅರಿವಿನಿಂದ ಮನೆಯನ್ನು ಬಿಟ್ಟವನು, ಅವನು ಅನಿಕೇತನು. ನಮ್ಮ ಜಗಲಿಯಲ್ಲಿ ಮಲಗಿದ್ದ ಆ ತಾಯಿಯನ್ನು ಮನೆಯೇ ಬಿಟ್ಟಿದ್ದಿತು; ಆಕೆ ನಿರಾಶ್ರಿತೆ. ಮೊದಲನೆಯವನಿಗೆ ಮಂಟಪ ಸಾಕು. ಎರಡನೆಯವಳಿಗೆ ಸಾಲದು, ಏಕೆಂದರೆ ಅವಳು ಬೇಡುವುದು ಮೋಕ್ಷವನ್ನಲ್ಲ; ಒಂದು ಒಲೆಯನ್ನು, ಅಗುಳಿ ಹಾಕಿಕೊಳ್ಳುವ ಒಂದು ಬಾಗಿಲನ್ನು. ವಿರಕ್ತನ ಆದರ್ಶವನ್ನು ದರಿದ್ರಳ ಮೇಲೆ ಹೊರಿಸಿ, ‘ದೇಹವೇ ದೇಗುಲವಲ್ಲವೆ, ಮನೆಯೇಕೆ?’ ಎನ್ನುವುದು ವಚನಾರ್ಥವಲ್ಲ, ವಚನದ ಅಪಹಾಸ್ಯ.

ಸರಕಾರವೂ ಮನೆಹೀನರೆಂದರೆ ಯಾರೆಂದು ಎಣಿಸುತ್ತದೆ. 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ರಸ್ತೆಯ ಬದಿಯಲ್ಲಿ, ಮೇಲ್ಸೇತುವೆಯ ಕೆಳಗೆ, ರೈಲು ನಿಲ್ದಾಣದಲ್ಲಿ, ಗುಡಿಯ ಮಂಟಪದಲ್ಲಿ ಮಲಗಿದ್ದವರನ್ನು ಎಣಿಸಿದರು. ಭಾರತದಲ್ಲಿ ಸುಮಾರು 17 ಲಕ್ಷ 70 ಸಾವಿರ ಮಂದಿ ಎಂದಾಯಿತು. ಆದರೆ ಹಳ್ಳಿಯಲ್ಲಿ ಬಯಲಿಗೆ ಬಂದು ಮಲಗುವುದು ಕಟ್ಟಕಡೆಯ ಮೆಟ್ಟಿಲು. ಅದಕ್ಕೆ ಮೊದಲು ಕಣ್ಣಿಗೆ ಕಾಣದ ಮೆಟ್ಟಿಲುಗಳಿವೆ. ಅಣ್ಣನ ಹಿತ್ತಿಲಲ್ಲಿ ದಿನ ತಳ್ಳುವ ವಿಧವೆ, ಮಕ್ಕಳು ಪಾಲಾದ ಮೇಲೆ ದನದ ಕೊಟ್ಟಿಗೆಗೆ ಸೇರಿದ ಮುದುಕ, ತೋಟದೊಡೆಯನ ಪಂಪ್‌ಸೆಟ್ಟಿನ ಕೋಣೆಯಲ್ಲಿರುವ ಕೂಲಿಯ ಕುಟುಂಬ, ಪ್ರತಿ ಮಳೆಗಾಲದ ರಾತ್ರಿಯೂ ಗೋಡೆಯ ಕಡೆ ನೋಡುತ್ತ ಕುಳಿತಿರುವವರು: ಇವರಿಗೆಲ್ಲ ತಲೆಯ ಮೇಲೆ ಮಾಡು ಇದೆ, ಆದುದರಿಂದ ಆ ರಾತ್ರಿಯ ಎಣಿಕೆಗೆ ಬಾರರು. ‘ನಾಳೆ ಏಳು’ ಎಂದರೆ ಏಳಲೇಬೇಕಾದ ಸ್ಥಳವು ಮನೆಯಲ್ಲ. ಊರ ಹೊರಗಿನ ಬಯಲಲ್ಲಿ ಗುಡಾರ ಹಾಕುವ ಅಲೆಮಾರಿಗಳದು ಇನ್ನೊಂದು ಬಗೆ. ಅವರಲ್ಲಿ ಬುಡ್ಗಜಂಗಮರೆಂಬ ಹೆಸರಿನವರೂ ಉಂಟು. ಹೆಸರಿನಲ್ಲಿಯೇ ಜಂಗಮವನ್ನು ಹೊತ್ತು ಬಂದವರಿಗೆ ನಾವು ಮೂರು ದಿನದ ಮೇಲೆ ನೆಲ ಕೊಡುವುದಿಲ್ಲ.

ಇವರಲ್ಲಿ ಅರ್ಹರಾರು? ಶರಣರ ಬದುಕನ್ನು ಮುಂದಿಟ್ಟುಕೊಂಡು ನನ್ನ ಬುದ್ಧಿಗೆ ತೋರಿದ ಕ್ರಮವನ್ನು ವಿನಯದಿಂದ ಹೇಳುತ್ತೇನೆ.

ಮೊದಲನೆಯದು: ರಾತ್ರಿಗೆ ವಿಚಾರಣೆಯಿಲ್ಲ. ಕತ್ತಲಾದ ಮೇಲೆ ಬಂದವನಿಗೆ ಅನ್ನ, ಚಾಪೆ, ಮಾಡು, ಈ ಮೂರಕ್ಕೆ ಯಾವ ಅರ್ಹತೆಯೂ ಬೇಕಿಲ್ಲ. ಕುಡುಕನಾಗಲಿ, ಸುಳ್ಳನಾಗಲಿ, ಅನ್ಯಜಾತಿಯವನಾಗಲಿ, ಹಸಿವು ಹಸಿವೆಯೇ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ನಡೆಸಿಕೊಟ್ಟರು. ಆ ಮೂರರಲ್ಲಿ ಆಶ್ರಯವೂ ಒಂದು ದಾಸೋಹವೆಂಬುದನ್ನು ಗಮನಿಸಬೇಕು. ‘ಆಶ್ರಯ’ ಶಬ್ದದ ಮೂಲವಾದ ‘ಶ್ರಿ’ ಧಾತುವಿಗೆ ಸೇವೆಯೆಂದೇ ಅರ್ಥ. ಸೇವೆಯಿಲ್ಲದ ಸೂರು ಆಶ್ರಯವಾಗದು.

ಎರಡನೆಯದು: ಮನೆಗೆ ವಿಚಾರಣೆಯುಂಟು, ಅದು ಅಗತ್ಯದ ವಿಚಾರಣೆಯಾಗಿರಲಿ. ಊರಿನ ಹಣದಿಂದಾಗಲಿ ಸರಕಾರದ ಯೋಜನೆಯಿಂದಾಗಲಿ ಒಂದು ಮನೆ ಕಟ್ಟಿಸುವಾಗ ಕೇಳಬೇಕಾದುದು ಮೂರೇ ಮಾತು. ಈ ರಾತ್ರಿ ಇವರು ಎಲ್ಲಿ ಮಲಗುತ್ತಾರೆ? ನಾವು ಕೈಬಿಟ್ಟರೆ ಇವರಿಗೆ ಒರಗಲು ಇನ್ನಾರಿದ್ದಾರೆ? ತಡಮಾಡಿದರೆ ಇವರು ಕಳೆದುಕೊಳ್ಳುವುದೇನು? ಯಾರ ಸಂಬಂಧಿ, ಯಾರಿಗೆ ಮತ ಕೊಟ್ಟರು, ಎಷ್ಟು ವರ್ಷದಿಂದ ಇಲ್ಲಿದ್ದಾರೆ, ಹಕ್ಕುಪತ್ರ ಉಂಟೆ ಎಂಬುವು ಕಚೇರಿಯ ಕಾಗದಕ್ಕೆ ಬೇಕಾಗಬಹುದು; ಊರಿನ ಕರುಳಿಗೆ ಬೇಕಿಲ್ಲ. ಕಾಗದ ಇಲ್ಲದವನಿಗೆ ಕಾಗದ ಮಾಡಿಸಿಕೊಡುವುದೇ ಓದು ಬಲ್ಲವರ ದಾಸೋಹ. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಸೂರಿಲ್ಲದ ಕುಟುಂಬವನ್ನೂ ಭಿಕ್ಷೆಯಿಂದ ಬದುಕುವ ನಿರ್ಗತಿಕರನ್ನೂ ಮತ್ತಾವ ಅಳತೆಯನ್ನೂ ಹಿಡಿಯದೆ ಬಡವರೆಂದು ಸೇರಿಸಬೇಕೆಂದು ಸರಕಾರವೇ ವಿಧಿಸಿದ್ದಿತು. ಸರಕಾರಕ್ಕೆ ತೋರಿದ ನ್ಯಾಯ ಭಕ್ತರಿಗೆ ತೋರಬಾರದೆ?

‘ದುಡಿಯದವನಿಗೆ ಕೊಟ್ಟರೆ ಕಾಯಕತತ್ತ್ವಕ್ಕೆ ಭಂಗವಲ್ಲವೆ?’ ಎಂದು ಕೆಲವರು ಕೇಳುವರು. ಒಳ್ಳೆಯ ಪ್ರಶ್ನೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ದಾಸೋಹ ಮಾಡಿದರು. ಕಾಯಕವನ್ನು ಲಿಂಗಪೂಜೆಗಿಂತ ಕೆಳಗೆಂದು ಅವರು ಎಣಿಸಲಿಲ್ಲ. ಆದರೆ ಹೊಸೆದ ಹಗ್ಗವನ್ನು ಮಳೆಯಲ್ಲಿ ನೆನೆಯದಂತೆ ಇಡಲು ಒಂದು ಮೂಲೆ ಬೇಡವೆ? ಗುದ್ದಲಿಯನ್ನು ಕದ್ದಾರೆಂದು ತಲೆಯಡಿಯಲ್ಲಿಟ್ಟು ಮಲಗುವವನು, ಎಳೆಗೂಸನ್ನು ಮಲಗಿಸಿ ಹೋಗಲು ಎಡೆಯಿಲ್ಲದವಳು, ಯಾವ ಕಾಯಕಕ್ಕೆ ಹೋದಾರು? ಕಾಯಕಕ್ಕೂ ನೆಲೆ ಬೇಕು. ಮನೆಯನ್ನು ಕಾಯಕದ ಬಹುಮಾನವೆಂದು ಇಟ್ಟುಕೊಂಡರೆ ನಿರ್ಗತಿಕನು ಎರಡನ್ನೂ ಕಾಣನು. ಮನೆಯನ್ನು ಕೊಟ್ಟು ಕಾಯಕವನ್ನು ಕೇಳಿರಿ. ಆಗ ಕೇಳುವ ಹಕ್ಕು ನಮಗೆ ಬರುತ್ತದೆ.

ಮೂರನೆಯದು: ಸಾಕಾದವನು ಹಿಂದೆ ಸರಿಯಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ನಮಗೆ ಬೇಕಾದಷ್ಟು ಸಾಕು, ಉಳಿದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿದರು. ನಮ್ಮ ಊರುಗಳಲ್ಲಿ ಮನೆಯ ಪಟ್ಟಿ ಕೆಡುವುದು ಬಡವರ ಸುಳ್ಳಿನಿಂದಲ್ಲ, ಉಳ್ಳವರ ಕೈಚಳಕದಿಂದ. ತಾರಸಿಯ ಮನೆಯಿದ್ದವನು ಮಗನ ಹೆಸರಿನಲ್ಲಿ ಮತ್ತೊಂದನ್ನು ಬರೆಯಿಸುತ್ತಾನೆ. ಬಿದ್ದ ದನದ ಕೊಟ್ಟಿಗೆಯನ್ನು ಬಿದ್ದ ಮನೆಯೆಂದು ತೋರಿಸುತ್ತಾನೆ. ನಾನು ಬರೆದ ಪಟ್ಟಿಯಲ್ಲಿಯೂ ಅಂಥ ಕೊಟ್ಟಿಗೆಯೊಂದು ಇದ್ದಿತು. ಅದರ ಯಜಮಾನರು ಊರಿನವರು, ಆದುದರಿಂದ ಅದನ್ನು ಯಾರೂ ಪ್ರಶ್ನಿಸಲಿಲ್ಲ. ಲಿಂಗಧಾರಿಯಾದವನು ಪರರ ಪಾಲಿನ ಸೂರನ್ನು ತನ್ನ ಹೆಸರಿಗೆ ಬರೆಯಿಸಿಕೊಂಡರೆ ಅವನು ಸದಾಚಾರದಿಂದ ಜಾರಿದಂತೆ. ನಿಮ್ಮ ಮನೆಯ ಹೆಸರು ಪಟ್ಟಿಯಲ್ಲಿ ಹಾಗೆ ಸೇರಿದ್ದರೆ, ನಮ್ಮ ತಾಯಂದಿರೇ, ಲಕ್ಕಮ್ಮನವರಂತೆ ‘ಇದು ನಮಗೆ ಬೇಡ’ ಎಂದು ಹೇಳುವ ಧೈರ್ಯವನ್ನು ನೀವು ತೋರಿರಿ.

ನಾಲ್ಕನೆಯದು: ವಿಚಾರಣೆ ಬಹಿರಂಗವಾಗಿರಲಿ, ಮಾನ ಅಂತರಂಗವಾಗಿರಲಿ. ವಸತಿ ಯೋಜನೆಗಳಿಗೆ ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ ಆರಿಸಬೇಕೆಂಬುದು ಒಳ್ಳೆಯ ನಿಯಮ. ನಮ್ಮಲ್ಲಿ ಎಷ್ಟು ಮಂದಿ ಆ ಸಭೆಗೆ ಹೋಗುತ್ತೇವೆ? ಜಾತ್ರೆಯ ತೇರೆಳೆಯಲು ಊರೆಲ್ಲ ಸೇರುತ್ತದೆ; ಮನೆಯ ಪಟ್ಟಿ ಓದುವ ದಿನ ಬೆಂಚು ಖಾಲಿ. ಹೆಸರುಗಳನ್ನು ಎಲ್ಲರೆದುರು ಓದಲಿ. ತನ್ನ ನೆಂಟನ ಹೆಸರು ಬಂದಾಗ ಹಿರಿಯನು ಎದ್ದು ಹೊರಗೆ ಹೋಗಲಿ. ಗುಳೆ ಹೋದವರ ಹೆಸರನ್ನು ‘ಊರಲ್ಲಿಲ್ಲ’ ಎಂದು ಹೊಡೆದುಹಾಕದಿರಲಿ, ಏಕೆಂದರೆ ಮನೆಯಿಲ್ಲದುದರಿಂದಲೇ ಅವರು ಊರಲ್ಲಿಲ್ಲ. ಆದರೆ ಒಬ್ಬ ಹೆಣ್ಣುಮಗಳು ಏಕೆ ಗಂಡನನ್ನು ಬಿಟ್ಟಳು, ಒಬ್ಬ ಮುದುಕನನ್ನು ಮಕ್ಕಳು ಏಕೆ ಹೊರಗಟ್ಟಿದರು ಎಂಬುದನ್ನು ಚಾವಡಿಯಲ್ಲಿ ಬಿಚ್ಚಿಸಿ ನೋಡಬೇಡಿರಿ. ಇಬ್ಬರು ಹಿರಿಯರು ಅವರಿದ್ದಲ್ಲಿಗೆ ಹೋಗಿ, ಕೆಳಗೆ ಕುಳಿತು ಕೇಳಿ ಬರಲಿ. ತಾನು ಕಿರಿಯನೆಂದು ತಿಳಿದು ನಡೆಯುವುದು ಭೃತ್ಯಾಚಾರ. ಎಲ್ಲರ ಕಣ್ಣೆದುರಿನ ಅನ್ಯಾಯವನ್ನು ಸಹಿಸದಿರುವುದು ಗಣಾಚಾರ. ಒಂದು ಮನೆಯ ಪಟ್ಟಿಯನ್ನು ನೆಟ್ಟಗೆ ಬರೆಯಲು ಈ ಎರಡೂ ಬೇಕು.

‘ಹೀಗೆ ಬಾಗಿಲು ತೆರೆದರೆ ಮೋಸಗಾರರು ಬಾರರೆ?’ ಬರುವರು. ಹತ್ತರಲ್ಲಿ ಒಬ್ಬನು ಮೋಸಮಾಡಿದರೆ ಊರಿಗೆ ಸ್ವಲ್ಪ ಹಣ ನಷ್ಟ. ಅವನ ಭಯದಿಂದ ಒಂಬತ್ತು ಮಂದಿಯನ್ನು ಹೊರಗಟ್ಟಿದರೆ ಆಗುವ ನಷ್ಟವನ್ನು ಯಾವ ಹಣದಿಂದ ತುಂಬುವುದು? ಮೋಸಹೋದ ದಾಸೋಹಿಗೆ ಶಿವನಲ್ಲಿ ಹೇಳಿಕೊಳ್ಳಲು ಮಾತುಂಟು. ನನ್ನಂತೆ ‘ಊರಿನವರಲ್ಲ’ ಎಂದು ಬರೆದವನಿಗೆ ಮಾತಿಲ್ಲ.

ಶರಣಬಂಧುಗಳೇ, ನಾವು ಗೃಹಸ್ಥರು. ಗೃಹದಲ್ಲಿ ನಿಂತವನು ಗೃಹಸ್ಥ. ನಿಲ್ಲಲು ನಮಗೆ ದೊರೆತ ಆ ನೆಲವು ನಮ್ಮ ಪುಣ್ಯದ ಸಂಪಾದನೆಯೆಂದು ಹಿಗ್ಗಬೇಕಾಗಿಲ್ಲ. ಯಾರೋ ಒಬ್ಬ ತಾತನಿಗೆ ಅಂದು ಈ ಊರು ‘ಇರು’ ಎಂದುದರ ಫಲ ಅದು. ನೂರು ವರ್ಷಗಳ ಹಿಂದೆ ಆ ಒಂದು ಮಾತನ್ನು ಆಡಿದವರು ಯಾರೋ ನಮಗೆ ತಿಳಿಯದು; ಆದರೆ ಅವರು ವಚನವನ್ನು ಓದಿದ್ದರೋ ಇಲ್ಲವೋ, ಬದುಕಿದ್ದರು.

ಈ ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ಊರಿನ ಭಕ್ತರೂ ಒಂದು ಕೆಲಸವನ್ನು ಮಾಡಬೇಕೆಂದು ಪ್ರಾರ್ಥಿಸುತ್ತೇನೆ. ಊರಲ್ಲಿ ಒಂದು ಕೋಣೆ, ಮಠದ್ದಾಗಲಿ ಗುಡಿಯದ್ದಾಗಲಿ ಶಾಲೆಯದ್ದಾಗಲಿ, ರಾತ್ರಿ ಬೀಗವಿಲ್ಲದೆ ಇರಲಿ. ಅಲ್ಲಿ ಎರಡು ಚಾಪೆ, ಎರಡು ಕಂಬಳಿ, ಒಂದು ಕೊಡ ನೀರು ಇರಲಿ. ಒಂದು ಹಳೆಯ ಪಟ್ಟಿಯನ್ನು ತೆಗೆದು, ನಾವು ಯಾರ ಹೆಸರನ್ನು ಬಿಟ್ಟೆವೆಂದು ಮತ್ತೊಮ್ಮೆ ಓದೋಣ. ನಮ್ಮ ಶಾಲೆಯ ಜಗಲಿಯ ಗೇಟನ್ನು ರಾತ್ರಿ ಈಗ ಮುಚ್ಚುವುದಿಲ್ಲ. ಆ ತಾಯಿ ಮರಳಿ ಬಂದಿಲ್ಲ. ಬೇರೆಯವರು ಬಂದು ಮಲಗಿ ಹೋಗಿದ್ದಾರೆ. ಅವರು ಯಾವ ಊರಿನವರೆಂದು ನಾನು ಕೇಳಿಲ್ಲ.

ಕೇಳುವ ಬುದ್ಧಿಯನ್ನು ಪರಮಾತ್ಮನು ನಮ್ಮಿಂದ ಕಳೆಯಲಿ. ನೀಡುವ ಕೈಯನ್ನು ಕಳೆಯದಿರಲಿ.